ಮೊಗಕ್ಕಿಂತ ಮೊದಲು ಪಾಡ್ದನ

ತುಳುನಾಡಿನ ನಮ್ಮ ಊರಿನಿಂದ ಮರಗೆತ್ತನೆಯ ಗುರುಗಳು ಬಂದಿದ್ದಾರೆ, ನಮ್ಮ ಸಂಘದ ಮಕ್ಕಳು ಪಂಜುರ್ಲಿ ದೈವದ ಮೊಗ, ಅಂದರೆ ಮುಖವಾಡ, ಕೆತ್ತಲು ಕೂತಿದ್ದಾರೆ. ಅದನ್ನೇ ಕಟ್ಟಿ ವೇದಿಕೆಯಲ್ಲಿ ಹತ್ತು ನಿಮಿಷ ಕುಣಿಸಿಬಿಡೋಣ ಎಂಬ ಮಾತೂ ಎದ್ದಿದೆ. ಕೆತ್ತಲಿ, ಕುಣಿಸುವುದು ಬೇಡ ಎಂಬುದು ನನ್ನ ವಾದ. ತುಳುನಾಡಿನಲ್ಲಿ ಮೊಗ ಬರೀ ಅಲಂಕಾರವಲ್ಲ. ಖಡ್ಗ, ಗಂಟೆಗಳ ಜೊತೆ ಭಂಡಾರದ ಮನೆಯಲ್ಲಿರುವ ಅದು ದೈವದ ಆರಾಧನೆಯಾದ ಕೋಲದ ದಿನ ಮೆರವಣಿಗೆಯಲ್ಲಿ ಹೊರಡುತ್ತದೆ. ಕೋಲ ಕಟ್ಟುವವರು ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುವಾಗ ಅವರ ಮನೆಯ ಹೆಂಗಸರು ತೆಂಬರೆ ಎಂಬ ವಾದ್ಯ ಬಾರಿಸುತ್ತ ದೈವದ ಕಥೆಯ ಹಾಡಾದ ಪಾಡ್ದನ ಹೇಳುತ್ತಾರೆ. ಪಾರ್ವತಿಯ ಮುದ್ದಿನಲ್ಲಿ ಬೆಳೆದ ಹಂದಿಮರಿ ಕೈಲಾಸದ ತೋಟವನ್ನೇ ಹಾಳುಗೆಡವಿ, ಶಿವನ ಸಿಟ್ಟಿಗೆ ಗುರಿಯಾಗಿ, ದೈವವಾಗಿ ಭೂಮಿಗಿಳಿದ ಕಥೆ ಪಂಜುರ್ಲಿಯದು. ಬೆಳೆ ತಿನ್ನುವ ಹಂದಿಯೇ ಬೆಳೆ ಕಾಯುವ ದೈವವಾಯಿತೆಂದು ತಿಳಿದ ಮಗುವಿಗೆ, ಉಳಿ ಹಿಡಿದಾಗ ಆ ಚಾಚಿದ ಮೂತಿ, ಮೇಲಕ್ಕೆ ಬಾಗಿದ ಕೋರೆ ಯಾಕೆ ಹಾಗಿವೆ ಎಂದು ಬೇರೆ ವಿವರಿಸಬೇಕಾಗಿಲ್ಲ.

ಯಕ್ಷಗಾನ ವೇದಿಕೆ ಏರಿಲ್ಲವೇ ಎಂದು ಕೇಳುತ್ತಾರೆ. ಏರಿದೆ, ಆದರೆ ಅದು ಮೊದಲಿಂದಲೂ ಆಟ. ವೇಷ ಕಳಚಿದರೆ ಪಾತ್ರ ಮುಗಿಯಿತು. ಕೋಲ ಹಾಗಲ್ಲ. ಪಂಬದ, ಪರವ, ನಲಿಕೆ ಸಮುದಾಯಗಳು ತಲೆಮಾರುಗಳಿಂದ ಹೊತ್ತ ಕಟ್ಟಳೆ ಅದು. ಅಲ್ಲಿ ದೈವ ಕೊಡುವ ನುಡಿಗೆ ಊರಿನ ಜಗಳ ತೀರುತ್ತದೆ. ದೆಹಲಿಯ ಕರಕುಶಲ ಮ್ಯೂಸಿಯಂನಲ್ಲಿ ಮೆಕ್ಕೆಕಟ್ಟಿನ ಗುಡಿಯ ಮರದ ದೈವಮೂರ್ತಿಗಳೇ ನಿಂತಿವೆಯಲ್ಲ ಎಂಬ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಆದರೆ ಅವು ಅಲ್ಲಿಗೆ ಹೋದದ್ದು ಗುಡಿಯಲ್ಲಿ ಹೊಸ ಮೂರ್ತಿಗಳು ಬಂದ ಮೇಲೆ. ನೋಡಲು ಇಟ್ಟಿದ್ದಾರೆ, ಯಾರೂ ಕಟ್ಟಿ ಕುಣಿಯುತ್ತಿಲ್ಲ. ನಮ್ಮ ಮಕ್ಕಳ ಮೊಗಗಳೂ ಹಾಗೇ ಇರಲಿ: ನೆಲದ ಮೇಲಲ್ಲ, ಮೇಜಿನ ಮೇಲೆ, ಬಟ್ಟೆ ಹಾಸಿ. ನೋಡುವವರು ಚಪ್ಪಲಿ ಬಿಟ್ಟು ಹತ್ತಿರ ಹೋಗಲಿ, ಮುಖಕ್ಕೆ ಹಿಡಿದು ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ. ಅತಿಯಾಯಿತು ಎನ್ನುವವರು ಅನ್ನಲಿ.

ತೋರಿಸದಿದ್ದರೆ ಮರೆತುಹೋಗುತ್ತದೆ ಎಂಬ ಭಯ ನನಗೂ ಇದೆ. ಆದರೆ 2022ರ ‘ಕಾಂತಾರ’ ಸಿನಿಮಾದ ನಂತರ ಪಂಜುರ್ಲಿಯ ರೂಪಕ್ಕೆ ಬರವಿಲ್ಲ. ಸೊರಗುತ್ತಿರುವುದು ಪಾಡ್ದನ. ನಾಟಿ ಗದ್ದೆಯಲ್ಲಿ ಅದನ್ನು ಹಾಡುತ್ತಿದ್ದ ಅಜ್ಜಿಯಂದಿರ ಮೊಮ್ಮಕ್ಕಳಿಗೆ ತುಳುವೇ ಬಾರದು. ಹಾಗಾಗಿ ಆ ಹತ್ತು ನಿಮಿಷವನ್ನು ಒಬ್ಬ ಅಜ್ಜಿಗೆ ಕೊಡಿ, ಕಥೆ ಹೇಳಲಿ. ಕೋಲವನ್ನೇ ತೋರಿಸಬೇಕೆಂದರೆ ಮಕ್ಕಳನ್ನು ಡಿಸೆಂಬರ್ ರಜೆಯಲ್ಲಿ ಊರಿಗೆ ಕರೆದೊಯ್ಯಿರಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಕಳೆದರೆ ದೀಪಾವಳಿಯವರೆಗೆ ಕೋಲವಿಲ್ಲ.