ಹೆಪ್ಪುಗಟ್ಟಿದ ಅಂಡಾಣು ಬದುಕುಳಿಯುವುದು ಹೇಗೆ?

ಮಹಿಳೆಯ ದೇಹದಿಂದ ಹೊರತೆಗೆದ ಅಂಡಾಣುಗಳನ್ನು ಘನೀಕರಿಸಿಟ್ಟು, ವರ್ಷಗಳ ನಂತರ ಪ್ರನಾಳ ಶಿಶು ಚಿಕಿತ್ಸೆಗೆ ಬಳಸುವ ಪದ್ಧತಿ ಈಗ ನಗರಗಳಲ್ಲಿ ಸಾಮಾನ್ಯವಾಗುತ್ತಿದೆ. ಕ್ಯಾನ್ಸರ್ ಚಿಕಿತ್ಸೆಗೆ ಒಳಗಾಗಲಿರುವ ಯುವತಿಗೆ ಮುಂದೆ ತಾಯಿಯಾಗಲು ಉಳಿಯುವ ಆಸರೆ ಇದೇ ಆಗಿರಬಹುದು. ಆದರೆ ಹಾಗೆ ಇಟ್ಟ ಅಂಡಾಣುಗಳೆಲ್ಲವೂ ಜೀವಂತವಾಗಿ ಮರಳುವುದಿಲ್ಲ.

ಮುಖ್ಯ ಶತ್ರು ನೀರು. ಅಂಡಾಣು ಮಾನವ ದೇಹದ ಅತಿ ದೊಡ್ಡ ಜೀವಕೋಶ. ಅಡ್ಡಳತೆ ಸುಮಾರು 0.1 ಮಿ.ಮೀ. ಅದರಲ್ಲಿ ನೀರಿನಂಶವೇ ಅಧಿಕ. ನಿಧಾನವಾಗಿ ತಣಿಸಿದಾಗ ಈ ನೀರು ಹರಳುಗಟ್ಟಿ ಕೋಶದ ಒಳರಚನೆಯನ್ನು ಸೀಳುತ್ತದೆ. ವರ್ಣತಂತುಗಳನ್ನು ಹಿಡಿದಿಟ್ಟಿರುವ ಸೂಕ್ಷ್ಮ ಎಳೆಗಳು ತಣ್ಪಿಗೆ ಕಳಚಿಕೊಳ್ಳುತ್ತವೆ. ಹೊರಕವಚವೂ ಗಡುಸಾಗಿ ವೀರ್ಯಾಣುವಿಗೆ ಪ್ರವೇಶ ಕಠಿಣವಾಗುತ್ತದೆ. 1986ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂತಹ ಅಂಡಾಣುವಿನಿಂದ ಗರ್ಭಧಾರಣೆಯಾದ ವರದಿ ಬಂದರೂ, ನಂತರದ ಒಂದು ದಶಕ ಯಶಸ್ಸು ವಿರಳವಾಗಿಯೇ ಉಳಿಯಿತು. ವೀರ್ಯಾಣುವನ್ನು ಸೂಜಿಯ ಮೂಲಕ ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ‘ಇಕ್ಸಿ’ ವಿಧಾನ 1992ರಲ್ಲಿ ಬಂದ ಮೇಲೆ ಕವಚದ ತೊಡಕು ನಿವಾರಣೆಯಾಯಿತು. ನೀರಿನ ತೊಡಕು ಹಾಗೆಯೇ ಇತ್ತು.

ಅದಕ್ಕೆ ಉತ್ತರವಾಗಿ ಬಂದದ್ದು ‘ವಿಟ್ರಿಫಿಕೇಶನ್’. ಗಾಢ ರಕ್ಷಕ ದ್ರಾವಣದ ನೆರವಿನಿಂದ ಅಂಡಾಣುವಿನ ನೀರನ್ನು ಹೊರಸೆಳೆದು, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ದಿಢೀರನೆ ಮುಳುಗಿಸಲಾಗುತ್ತದೆ. ಹರಳಾಗಲು ಸಮಯವೇ ಸಿಗದೆ ಒಳಗಿನ ದ್ರವ ಗಾಜಿನಂತೆ ಗಟ್ಟಿಯಾಗುತ್ತದೆ. ಜಪಾನಿನ ಮಸಾಶಿಗೆ ಕುವಾಯಾಮಾ 2005ರಲ್ಲಿ ಈ ಬಗೆಯಲ್ಲಿ ಶೇ. 90ಕ್ಕೂ ಹೆಚ್ಚು ಅಂಡಾಣುಗಳು ಉಳಿದುದನ್ನು ವರದಿ ಮಾಡಿದರು. 2012ರಲ್ಲಿ ಅಮೆರಿಕದ ಸಂತಾನೋತ್ಪತ್ತಿ ವೈದ್ಯಕೀಯ ಸಂಘವು ಅಂಡಾಣು ಘನೀಕರಣಕ್ಕಿದ್ದ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯನ್ನು ತೆಗೆಯಿತು.

ಆದರೂ ಎಲ್ಲ ಪ್ರಯೋಗಾಲಯಗಳಲ್ಲೂ ಒಂದೇ ಫಲಿತಾಂಶ ನಿರೀಕ್ಷಿಸುವಂತಿಲ್ಲ. ರಕ್ಷಕ ದ್ರಾವಣವೇ ಅಂಡಾಣುವಿಗೆ ವಿಷ; ನಿಗದಿತ ಸಮಯಕ್ಕಿಂತ ಹೆಚ್ಚು ಹೊತ್ತು ಅದರಲ್ಲಿದ್ದರೆ ಅಪಾಯ. ಮರಳಿ ಬಿಸಿ ಮಾಡುವಾಗ ನಿಧಾನವಾದರೆ ಹರಳು ಆಗಲೂ ಕಟ್ಟಬಹುದು. ಹೀಗಾಗಿ ತಂತ್ರಜ್ಞರ ಕೈಚಳಕಕ್ಕೆ ಯಂತ್ರದಷ್ಟೇ ಬೆಲೆ. ಪಕ್ವವಾಗದ ಅಂಡಾಣುಗಳ ಫಲಿತಾಂಶವಂತೂ ಕಳಪೆ. ಶೇಖರಣೆಯ ಅವಧಿ ಅಷ್ಟಾಗಿ ಬಾಧಿಸದು, ತೊಟ್ಟಿ ಕೈಕೊಡದಿದ್ದರೆ! 2018ರ ಮಾರ್ಚ್‌ನಲ್ಲಿ ಅಮೆರಿಕದ ಎರಡು ಕೇಂದ್ರಗಳಲ್ಲಿ ತೊಟ್ಟಿಗಳು ಕೆಟ್ಟು, ಸಾವಿರಾರು ಅಂಡಾಣು ಹಾಗೂ ಭ್ರೂಣಗಳಿಗೆ ಹಾನಿಯಾಯಿತು.

ಇಷ್ಟೆಲ್ಲ ದಾಟಿ ಉಳಿದ ಅಂಡಾಣು ಫಲಿತಗೊಂಡು, ಭ್ರೂಣವಾಗಿ, ಗರ್ಭಕೋಶದಲ್ಲಿ ನೆಲೆಯೂರಬೇಕು. ಈ ಹಂತದಲ್ಲಿ ನಿರ್ಣಾಯಕವಾಗುವುದು ಅಂಡಾಣು ತೆಗೆದಾಗಿನ ವಯಸ್ಸು. 35 ದಾಟಿದಂತೆ ವರ್ಣತಂತು ದೋಷಗಳು ಹೆಚ್ಚುತ್ತವೆ; ಶೈತ್ಯ ಅದನ್ನು ಸರಿಪಡಿಸದು. ಶೇ. 90ರ ಅಂಕಿಯನ್ನು ತೋರಿಸುವ ಕೇಂದ್ರವನ್ನು, ಅದೇ ವಯಸ್ಸಿನವರ ಅಂಡಾಣುಗಳಿಂದ ಅಲ್ಲಿಯೇ ಎಷ್ಟು ಶಿಶುಗಳು ಜನಿಸಿವೆ ಎಂದೂ ಕೇಳಬೇಕು.