ಸೇಡಿನ ನಾಟಕ ಬಿದನೂರಿಗೆ ಬಂದದ್ದು



ಕನ್ನಡದಲ್ಲಿ ಸಾಲವನ್ನೂ ತೀರಿಸುತ್ತೇವೆ, ಸೇಡನ್ನೂ ತೀರಿಸುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಕಾಮರ್ಸ್ ಓದುವವನಿಗೆ ಇದು ಸೋಜಿಗದ ಮಾತೇ ಸರಿ. ಸಾಲ ತೀರಿದರೆ ಖಾತೆ ಮುಚ್ಚುತ್ತದೆ. ಸೇಡು ತೀರಿದ ಮೇಲೆ ಖಾತೆ ಮುಚ್ಚುತ್ತದೇನು? ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ರಂಗಭೂಮಿ ಈ ಪ್ರಶ್ನೆಯನ್ನೇ ಹಿಡಿದು ಜಗ್ಗಾಡಿತು.

1603ರಲ್ಲಿ ಒಂದನೇ ಜೇಮ್ಸ್ ಅಲ್ಲಿ ಪಟ್ಟಕ್ಕೆ ಬಂದ. ಅವನ ಕಾಲದ ಸೇಡಿನ ನಾಟಕಗಳಲ್ಲಿ ಹೆಸರಾದದ್ದು 'ದಿ ರಿವೆಂಜರ್ಸ್ ಟ್ರ್ಯಾಜಿಡಿ'. 1607ರ ಸುಮಾರಿಗೆ ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. ಬಹಳ ಕಾಲ ಸಿರಿಲ್ ಟೂರ್ನರ್ ಬರೆದದ್ದು ಅಂತಿದ್ದರು; ಈಗ ಹೆಚ್ಚಿನ ವಿದ್ವಾಂಸರು ಥಾಮಸ್ ಮಿಡಲ್ಟನ್‌ನದು ಅಂತಾರೆ.

ಕಥೆ ಭಯಂಕರ. ವಿಂಡೀಚೆ ಎಂಬವನ ಪ್ರಿಯತಮೆಗೆ ಮುದಿ ಡ್ಯೂಕ್ ವಿಷ ಹಾಕಿಸಿರುತ್ತಾನೆ. ಅವಳ ತಲೆಬುರುಡೆಯನ್ನು ಇವನು ಒಂಬತ್ತು ವರ್ಷ ಕಾಪಾಡಿಕೊಂಡಿದ್ದು, ಅದಕ್ಕೇ ಬಟ್ಟೆ ಉಡಿಸಿ, ಬಾಯಿಗೆ ವಿಷ ಸವರಿ, ಡ್ಯೂಕ್‌ನಿಂದ ಮುತ್ತು ಕೊಡಿಸಿ ಕೊಲ್ಲುತ್ತಾನೆ. ಇಷ್ಟಕ್ಕೇ ಮುಗಿದರೆ ಇದು ನಾವು ನೋಡೋ ಸಿನಿಮಾ. ಆದರೆ ನಾಟಕ ಇನ್ನೊಂದು ಹೆಜ್ಜೆ ಇಡುತ್ತದೆ. ಡ್ಯೂಕ್‌ನ ಮನೆತನದಿಂದಲೇ ಹೆಂಡತಿಯನ್ನು ಕಳಕೊಂಡ ಆಂಟೋನಿಯೋ ಹೊಸ ಅಧಿಪತಿಯಾಗುತ್ತಾನೆ. ಅವನ ಮುಂದೆ ವಿಂಡೀಚೆ, ಕೊಂದವರು ನಾವೇ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅವನನ್ನು ಕೊಂದವರು ನಾಳೆ ನನ್ನನ್ನೂ ಕೊಂದಾರು ಅಂತ ಆಂಟೋನಿಯೋ ಇವರಿಗೆ ಮರಣದಂಡನೆ ಕೊಡುತ್ತಾನೆ. ಲಾಭ ಪಡೆದವನೇ ಲೆಕ್ಕ ಚುಕ್ತಾ ಮಾಡಿದ ನೋಡ್ರಿ!

ಶತಮಾನಗಳ ಕಾಲ ಈ ನಾಟಕವನ್ನು ಆಡಿದವರೇ ಅಪರೂಪ. 1966ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಟ್ರೆವರ್ ನನ್ ಆಡಿಸಿದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. 2002ರಲ್ಲಿ ಅಲೆಕ್ಸ್ ಕಾಕ್ಸ್ ಕಥೆಯನ್ನು ಲಿವರ್‌ಪೂಲ್ ಊರಿಗೆ ತಂದು ಚಲನಚಿತ್ರ ಮಾಡಿದ.

ಕನ್ನಡಕ್ಕೆ ಈ ವಂಶದ ಹಿರಿಯಣ್ಣ 'ಹ್ಯಾಮ್ಲೆಟ್' ಬಂದದ್ದು ಇನ್ನೂ ಸ್ವಾರಸ್ಯ. ಅದು ಜೇಮ್ಸ್‌ಗಿಂತ ಸ್ವಲ್ಪ ಮುಂಚಿನದು. ಕುವೆಂಪು 1932ರ 'ರಕ್ತಾಕ್ಷಿ'ಯಲ್ಲಿ ಅದನ್ನು ಡೆನ್ಮಾರ್ಕಿನಿಂದ ಎತ್ತಿ ಮಲೆನಾಡಿನ ಬಿದನೂರಿಗೆ ತಂದರು. ಕೆಳದಿ ಅರಸರ ರಾಜಧಾನಿಯಾಗಿದ್ದ ಆ ಬಿದನೂರೇ ಈಗಿನ ಹೊಸನಗರ ತಾಲ್ಲೂಕಿನ ನಗರ; 1763ರಲ್ಲಿ ಹೈದರಾಲಿಯ ಕೈಸೇರಿದ್ದು. ಅರಮನೆಯ ಒಳಸಂಚು, ರಾಣಿ, ನಿಂಬಯ್ಯ ಇವೆಲ್ಲ ಅಲ್ಲಿಯ ಚರಿತ್ರೆಯಲ್ಲೇ ಇದ್ದವು. ಬೀಜ ಹೊರಗಿನದಾದರೂ ಮಣ್ಣು ನಮ್ಮದೇ ಆಯಿತು.

ದೊಡ್ಡ ಬದಲಾವಣೆ ಹೆಣ್ಣಿನದು. ಷೇಕ್ಸ್‌ಪಿಯರನ ಒಫೀಲಿಯಾ ಬುದ್ಧಿ ಕದಡಿ ನೀರುಪಾಲಾಗುತ್ತಾಳೆ. ಕುವೆಂಪು ಅವರ ರುದ್ರಾಂಬೆ ಅಳುತ್ತ ಮುಳುಗುವವಳಲ್ಲ, ರಕ್ತಾಕ್ಷಿಯಾಗುತ್ತಾಳೆ. ಸೇಡಿನ ಭಾರ ಅವಳ ಹೆಗಲಿಗೆ ಬೀಳುತ್ತದೆ. ನಾಟಕಕ್ಕೆ ಹೆಸರೂ ಅವಳದೇ. ಅಲ್ಲಿ ಸತ್ತು ಹೋಗುವವಳಿಗೆ ಇಲ್ಲಿ ಕೆಲಸ ಸಿಕ್ಕಿತು. ಆದರೆ ಆ ಕೆಲಸ ಅವಳನ್ನು ಉಳಿಸಿತೇ ಅಂತ ಕೇಳಿಕೊಂಡು ಓದಬೇಕು.

ಇದಕ್ಕೆ ಎರಡು ವರ್ಷ ಮೊದಲು, 1930ರಲ್ಲಿ, ಇದೇ ಕುವೆಂಪು 'ಬಿರುಗಾಳಿ' ಬರೆದಿದ್ದರು. ಅದರ ಮೂಲ 'ದಿ ಟೆಂಪೆಸ್ಟ್', ಜೇಮ್ಸನ ಕಾಲದ್ದೇ. ರಾಜ್ಯ ಕಿತ್ತುಕೊಂಡವರೆಲ್ಲ ಪ್ರಾಸ್ಪೆರೋನ ಕೈಗೆ ಸಿಕ್ಕಿಬೀಳುತ್ತಾರೆ. ಕೊಲ್ಲುವ ಶಕ್ತಿಯಿದ್ದೂ ಅವನು ಕ್ಷಮಿಸುತ್ತಾನೆ. ಸಾಲಗಾರನ ಮುಂದೆಯೇ ಪತ್ರ ಹರಿದು ಹಾಕಿದ ಹಾಗೆ. ಹಿಂದಿಯಲ್ಲಿ 2014ರ 'ಹೈದರ್' ಚಿತ್ರವೂ ಹ್ಯಾಮ್ಲೆಟ್ ಕಥೆಯನ್ನು ಕಾಶ್ಮೀರಕ್ಕೆ ತಂದು, ಕೊನೆಗೆ ಚಿಕ್ಕಪ್ಪನನ್ನು ಕೊಲ್ಲದೆ ನಡೆದುಬಿಡುವ ಮಗನನ್ನು ತೋರಿಸಿತು.

ನಮ್ಮ ಜೀಡಿಮೆಟ್ಲಾ ಕಡೆ ಯಾವ ಟಾಕೀಸಿಗೆ ಹೋದರೂ, ತೆಲುಗಿರಲಿ ಹಿಂದಿ ಇರಲಿ, ಅಪ್ಪನನ್ನು ಕೊಂದವನನ್ನು ಮಗ ಹುಡುಕುವ ಕಥೆ ನಮಗೆ ಹೊಸದಲ್ಲ. ಕೊನೆಯ ಏಟಿಗೆ ಸೀಟಿ ಹೊಡೆದು ಎದ್ದು ಬರ್ತೀವಿ. ಸತ್ತವನಿಗೂ ಮಗ ಇದ್ದಾನಲ್ಲ, ಅವನ ಲೆಕ್ಕ ಯಾರ ಖಾತೆಗೆ ಅಂತ ಕೇಳೋದಿಲ್ಲ. ಆ ಹಳೆಯ ನಾಟಕಗಳು ಕೇಳಿದವು. ಅವು ಇನ್ನೂ ಸಾಯದೆ ಊರೂರು ತಿರುಗುತ್ತಿರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. 'ಬಿರುಗಾಳಿ', 'ರಕ್ತಾಕ್ಷಿ' ಎರಡನ್ನೂ ಒಂದರ ಹಿಂದೆ ಒಂದು ಓದಿ ನೋಡಿ. ಯಾರ ಲೆಕ್ಕ ಸರಿಹೊಂದಿತು ಅಂತ ಸಂಘದಲ್ಲಿ ಕೂತು ವಾದ ಮಾಡೋಣ.