ಹಳೆಯ ಕಾರಿನ ಟೈರು: ಅಂಕಿಗಳ ಹಿಂದಿನ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಮನೆತನದ ಹಳೆಯ ಕಾರನ್ನು ಮಾರದೆ ಉಳಿಸಿಕೊಂಡವರಿಗೆ ಎದುರಾಗುವ ತೊಡಕುಗಳಲ್ಲಿ ಎಂಜಿನ್ನಿನ ಬಿಡಿಭಾಗಗಳದ್ದು ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕಿಂತ ಹೆಚ್ಚು ಅಪಾಯಕ್ಕೆ ದಾರಿಯಾಗುವುದು ಟೈರಿನ ಆಯ್ಕೆ. ಏಕೆಂದರೆ ತಪ್ಪು ಅಳತೆಯ ಬಿಡಿಭಾಗ ಎಂಜಿನ್ನಿನೊಳಗೆ ಕೂರುವುದೇ ಇಲ್ಲ, ತಪ್ಪು ಅಳತೆಯ ಟೈರು ಮಾತ್ರ ಡಿಸ್ಕಿನ ಮೇಲೆ ಸಲೀಸಾಗಿ ಕೂತು, ಗಾಳಿ ತುಂಬಿಸಿಕೊಂಡು, ಸರಿಯಾದುದರಂತೆಯೇ ಓಡತೊಡಗುತ್ತದೆ.

ಕರ್ನಾಟಕದ ಇತರೆಡೆಯಂತೆ ಇಲ್ಲಿಯೂ ಹಳೆಯ ಕಾರು ಎಂದೊಡನೆ ನೆನಪಿಗೆ ಬರುವುದು ಮೂರೇ ವಾಹನಗಳು: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್, ಇಟಲಿಯ ಫಿಯಟ್ 1100 ಮಾದರಿಯಿಂದ ಮುಂಬಯಿಯಲ್ಲಿ ರೂಪುಗೊಂಡ ಪ್ರೀಮಿಯರ್ ಪದ್ಮಿನಿ, ಮತ್ತು ಅಮೆರಿಕದ ವಿಲೀಸ್ ಕಂಪನಿಯ ವಿನ್ಯಾಸದಿಂದ ಮಹೀಂದ್ರ ಕಂಪನಿ ಕಟ್ಟಿದ ಜೀಪು. ಇವುಗಳಲ್ಲಿ ಅಂಬಾಸಿಡರಿನ ಮೂಲ ಟೈರಿನ ಅಳತೆ 5.90-15, ಪದ್ಮಿನಿಯದು 5.20-14, ಹಳೆಯ ಜೀಪಿನದು 6.00-16. ಮೊದಲ ಅಂಕಿ ಗಾಳಿ ತುಂಬಿದ ಟೈರಿನ ಅಗಲವನ್ನೂ ಎರಡನೆಯದು ಟೈರು ಕೂರುವ ಡಿಸ್ಕಿನ ವ್ಯಾಸವನ್ನೂ ಅಂಗುಲದಲ್ಲಿ ಹೇಳುತ್ತವೆ. ಟೈರು ಎಷ್ಟು ಎತ್ತರ ಎಂಬುದು ಅಲ್ಲಿ ಬರೆದಿರುವುದಿಲ್ಲ, ಏಕೆಂದರೆ ಆ ಕಾಲದ ಟೈರುಗಳ ಎತ್ತರ ಅಗಲಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತಿತ್ತು.

ಇಂದಿನ ಟೈರಿನ ಮೇಲೆ ಬರೆಯುವ ಕ್ರಮ ಬೇರೆ. 165/80 ಆರ್ 15 ಎಂದಿದ್ದರೆ, ಟೈರಿನ ಅಗಲ 165 ಮಿಲಿಮೀಟರು, ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ಡಿಸ್ಕು 15 ಅಂಗುಲದ್ದು ಎಂದರ್ಥ. ಈ ಮೂರರಿಂದ ಟೈರಿನ ಒಟ್ಟು ವ್ಯಾಸವನ್ನು ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು: 165ರ ಶೇಕಡಾ 80 ಎಂದರೆ 132, ಮೇಲೆ ಕೆಳಗೆ ಎರಡು ಗೋಡೆ ಸೇರಿ 264, 15 ಅಂಗುಲ ಎಂದರೆ 381, ಕೂಡಿದರೆ 645 ಮಿಲಿಮೀಟರು. ಹಳೆಯ 5.90-15 ಟೈರಿನ ವ್ಯಾಸವೂ ಸುಮಾರು 650 ಮಿಲಿಮೀಟರು ಇರುವುದರಿಂದ ಇವೆರಡರ ಅಂತರ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಇದೇ ರೀತಿ ಪದ್ಮಿನಿಗೆ 155/80 ಆರ್ 14 ಹಾಕಿದರೆ ವ್ಯಾಸ ಸುಮಾರು 604 ಮಿಲಿಮೀಟರಾಗಿ, ಮೂಲದ ಹತ್ತಿರವೇ ನಿಲ್ಲುತ್ತದೆ.

ಒಟ್ಟು ವ್ಯಾಸಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಕಾರಿನ ಗೇರು, ವೇಗ ತೋರಿಸುವ ಮುಳ್ಳು, ನೆಲದಿಂದ ಕಾರಿನ ಹೊಟ್ಟೆಗಿರುವ ಅಂತರ ಎಲ್ಲವೂ ಚಕ್ರವು ಒಂದು ಸುತ್ತಿಗೆ ಎಷ್ಟು ದೂರ ಸಾಗುತ್ತದೆ, ಅದರ ನಡುಭಾಗ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆಯೇ ನಿಂತಿವೆ. ಅಂಬಾಸಿಡರಿಗೆ ಹೊಸ ಕಾರುಗಳಲ್ಲಿ ಸಾಮಾನ್ಯವಾದ 185/65 ಆರ್ 15 ಟೈರನ್ನು ಹಾಕಿದರೆ ಒಟ್ಟು ವ್ಯಾಸ 621.5 ಮಿಲಿಮೀಟರಿಗೆ ಇಳಿದು, ಮುಳ್ಳು 60 ಎಂದು ತೋರಿಸುವಾಗ ಕಾರು ನಿಜವಾಗಿ 57ರ ಆಸುಪಾಸಿನಲ್ಲಿ ಓಡುತ್ತದೆ, ಅದೇ ವೇಗಕ್ಕೆ ಎಂಜಿನ್ನು ಹೆಚ್ಚು ಸುತ್ತಬೇಕಾಗುತ್ತದೆ, ಮತ್ತು ಕಾರು ನೆಲಕ್ಕೆ ಸುಮಾರು 14 ಮಿಲಿಮೀಟರು ಹತ್ತಿರವಾಗುತ್ತದೆ. ಮಳೆಗಾಲದಲ್ಲಿ ಎರೆ ನೆಲದ ಹೊಲದ ದಾರಿಯಲ್ಲಿ ಟ್ರ್ಯಾಕ್ಟರುಗಳು ಕೊರೆದ ಗಾಲಿಜಾಡಿನ ನಡುವೆ ಸಾಗಬೇಕಾದ ಕಾರಿಗೆ ಈ 14 ಮಿಲಿಮೀಟರು ಸಣ್ಣದಲ್ಲ. ಮೂಲ ವ್ಯಾಸಕ್ಕಿಂತ ಶೇಕಡಾ ಮೂರರಷ್ಟು ಹೆಚ್ಚುಕಡಿಮೆಯೊಳಗೆ ಉಳಿಯಬೇಕೆಂಬ ರೂಢಿಯ ನಿಯಮವನ್ನು ಹಳೆಯ ಕಾರಿನವರು ಇನ್ನೂ ಬಿಗಿಯಾಗಿ ಪಾಲಿಸುವುದು ಒಳ್ಳೆಯದು.

ಅಗಲವಾದ ಟೈರು ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಹಳೆಯ ಕಾರಿನ ಮಟ್ಟಿಗೆ ಬಹುಪಾಲು ತಪ್ಪು. ಅಂಬಾಸಿಡರಿನ ಮೂಲ ಡಿಸ್ಕಿನ ಅಗಲ ಸುಮಾರು ನಾಲ್ಕು ಅಂಗುಲ; ಅದರ ಮೇಲೆ ಅಗಲದ ಟೈರನ್ನು ಕೂರಿಸಿದರೆ ಅದರ ಎರಡೂ ಅಂಚುಗಳು ಒಳಕ್ಕೆ ಒತ್ತಿಕೊಂಡು, ನೆಲ ಮುಟ್ಟುವ ಭಾಗ ನಡುವೆ ಉಬ್ಬಿ, ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲಾಡುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರಾದ್ದರಿಂದ ನಿಂತಲ್ಲಿ ತಿರುಗಿಸುವುದು ಕಷ್ಟವಾಗುತ್ತದೆ, ಸ್ಟಿಯರಿಂಗ್ ಜೋಡಣೆಗಳು ಬೇಗ ಸವೆಯುತ್ತವೆ. ಇದರೊಂದಿಗೆ ಟ್ಯೂಬಿನ ಪ್ರಶ್ನೆಯೂ ಇದೆ. ಟ್ಯೂಬ್‌ಲೆಸ್ ಟೈರಿಗಾಗಿ ಮಾಡಿದ ಡಿಸ್ಕಿನ ಒಳ ಅಂಚಿನಲ್ಲಿ ಟೈರಿನ ತುದಿ ಜಾರದಂತೆ ತಡೆಯುವ ಸಣ್ಣ ಏರೊಂದು ಇರುತ್ತದೆ. ಹಳೆಯ ಡಿಸ್ಕುಗಳಲ್ಲಿ ಅದು ಇಲ್ಲದಿರುವುದರಿಂದ, ತುಕ್ಕು ಹಿಡಿದ ಅಂಚಿನಿಂದ ಗಾಳಿ ಸೋರುವುದೂ ಉಂಟಾದ್ದರಿಂದ, ಹೊಸ ಟೈರಿನೊಳಗೂ ಅದರ ಅಳತೆಯದೇ ಟ್ಯೂಬು ಹಾಕಿಸಬೇಕು.

ಮೆಕ್ಯಾನಿಕರು ನೈಲಾನ್ ಟೈರು ಎಂದು ಕರೆಯುವ ಹಳೆಯ ಬಗೆಯಲ್ಲಿ ಒಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಅಡ್ಡಹಾಯ್ದಿರುತ್ತವೆ. ರೇಡಿಯಲ್ ಟೈರಿನಲ್ಲಿ ಅವು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗಿ, ಮೇಲೆ ಉಕ್ಕಿನ ತಂತಿಯ ಪಟ್ಟಿಯನ್ನು ಹೊಂದಿರುತ್ತವೆ. ನೈಲಾನ್ ಟೈರಿನ ಗೋಡೆ ಗಟ್ಟಿಯಾದ್ದರಿಂದ ಕಲ್ಲುದಾರಿಯ ಪೆಟ್ಟನ್ನು ಚೆನ್ನಾಗಿ ತಾಳುತ್ತದೆ, ಆದರೆ ಓಡುವಾಗ ಬೇಗ ಬಿಸಿಯಾಗುತ್ತದೆ. ರೇಡಿಯಲ್ ಟೈರು ತಣ್ಣಗಿದ್ದು ಹೆಚ್ಚು ದೂರ ಬಾಳುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಕಾರನ್ನು ಹೆದ್ದಾರಿಯಲ್ಲಿ ದೂರ ಓಡಿಸುವವರಿಗೆ ರೇಡಿಯಲ್ಲೇ ಲೇಸು. ಆದರೆ ಎರಡನ್ನೂ ಬೆರೆಸಿ ಹಾಕುವುದು ಅಪಾಯಕರ: ಮುಂದೆ ರೇಡಿಯಲ್, ಹಿಂದೆ ನೈಲಾನ್ ಇದ್ದ ಕಾರಿನ ಹಿಂಭಾಗ ತಿರುವಿನಲ್ಲಿ ಮೊದಲೇ ಹಿಡಿತ ತಪ್ಪಿ ಹೊರಕ್ಕೆ ಜಾರುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಲು ಹಣ ಸಾಲದಿದ್ದರೆ ಕೆಲವು ತಿಂಗಳು ಕಾಯುವುದೇ ವಾಸಿ.

ಈ ಭಾಗದ ಜೀಪಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕೃಷ್ಣಾ ಮೇಲ್ದಂಡೆಯ ನೀರಾವರಿಯಿಂದ ಭತ್ತ, ಹತ್ತಿ ಬೆಳೆಯುವ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರು ಸಾಮಾನ್ಯ ನೋಟ, ಮತ್ತು ಅನೇಕ ಟ್ರ್ಯಾಕ್ಟರುಗಳ ಮುಂದಿನ ಚಕ್ರದ ಟೈರಿನ ಅಳತೆಯೂ ಜೀಪಿನಂತೆಯೇ 6.00-16. ಅಂಕಿ ಒಂದೇ ಆದರೂ ಟೈರು ಒಂದೇ ಅಲ್ಲ. ಟ್ರ್ಯಾಕ್ಟರಿನ ಟೈರಿನ ಮೇಲೆ ಸುತ್ತಲೂ ಎದ್ದುನಿಂತ ಏಣುಗಳು ಮೆತ್ತನೆಯ ಮಣ್ಣಿನಲ್ಲಿ ದಿಕ್ಕು ಹಿಡಿಯಲೆಂದು ಮಾಡಿದವು; ಅದರ ಒಡಲು ಗಂಟೆಗೆ 30–40 ಕಿಲೋಮೀಟರಿನ ನಿಧಾನಗತಿಗೆ ರೂಪಿತವಾದುದು. ಅದೇ ಟೈರಿನ ಮೇಲೆ ಜೀಪು ಹೆದ್ದಾರಿಯ ವೇಗದಲ್ಲಿ ಓಡಿದರೆ ಟೈರು ಒಳಗಿನಿಂದ ಕಾದು ಪದರ ಬಿಚ್ಚಿಕೊಳ್ಳಬಹುದು, ಒದ್ದೆ ಡಾಂಬರಿನ ಮೇಲೆ ಬ್ರೇಕು ಹಾಕಿದಾಗ ಜೀಪು ಜಾರಬಹುದು. ಎತ್ತಿನ ಬಂಡಿಗೆಂದು ಮಾರುವ ಟೈರಿಗೂ ಇದೇ ಮಾತು ಸಲ್ಲುತ್ತದೆ. ಇನ್ನು ನಾಲ್ಕು ಚಕ್ರಗಳಿಗೂ ಬಲ ಹರಿಯುವ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆ ಬೇರೆ ಬೇರೆಯಾಗಿದ್ದರೆ, ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಿದಾಗ ಎರಡು ಜೋಡಿಗಳೂ ಒಂದನ್ನೊಂದು ಜಗ್ಗಿ ಗೇರುಪೆಟ್ಟಿಗೆಗೆ ಪೆಟ್ಟಾಗುತ್ತದೆ. ಆದ್ದರಿಂದ ಜೀಪಿಗೆ ಒಂದೇ ಕಂಪನಿಯ, ಒಂದೇ ಅಚ್ಚಿನ, ಸಮನಾಗಿ ಸವೆದ ನಾಲ್ಕು ಟೈರುಗಳಿರುವುದು ಅಗತ್ಯ.

ಅಳತೆಯ ಪಕ್ಕದಲ್ಲಿ ಬರೆದಿರುವ ಎರಡಂಕಿಯ ಸಂಖ್ಯೆ ಹೊರೆಯನ್ನೂ ಅದರ ಮುಂದಿನ ಅಕ್ಷರ ವೇಗದ ಮಿತಿಯನ್ನೂ ಸೂಚಿಸುತ್ತವೆ: 85 ಎಂದರೆ ಒಂದು ಟೈರು 515 ಕಿಲೋ ಹೊರಬಲ್ಲದು, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರಿನ ಮಿತಿ. ಹಳೆಯ ಕಾರಿನವರಿಗೆ ವೇಗದ ಅಕ್ಷರ ತಲೆನೋವಲ್ಲ, ಹೊರೆಯ ಸಂಖ್ಯೆ ಮಾತ್ರ ಮುಖ್ಯ. ಮದುವೆ ಜಾತ್ರೆಗಳಿಗೆ ಅಂಬಾಸಿಡರಿನಲ್ಲಿ ಎಂಟು ಜನ ಕೂರುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ.

ಕಡಿಮೆ ಓಡುವ ಕಾರಿನ ಟೈರು ಸವೆಯುವುದಕ್ಕಿಂತ ಮೊದಲೇ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದುದು. ಬೇಡಿಕೆ ಕಡಿಮೆಯಾದ ಹಳೆಯ ಅಳತೆಗಳು ಅಂಗಡಿಯಲ್ಲಿ ವರ್ಷಗಟ್ಟಲೆ ಉಳಿದಿರಬಹುದಾದ್ದರಿಂದ ಕೊಳ್ಳುವ ಮೊದಲು ಈ ಸಂಖ್ಯೆಯನ್ನೂ ಐ.ಎಸ್.ಐ. ಗುರುತನ್ನೂ ನೋಡಲೇಬೇಕು. ಐದಾರು ವರ್ಷ ದಾಟಿದ ಟೈರಿನ ಗೋಡೆಯ ಬಿರುಕುಗಳನ್ನು ಆಗಾಗ ಪರೀಕ್ಷಿಸಬೇಕು. ಹತ್ತು ವರ್ಷ ತುಂಬಿದ್ದನ್ನು ಗೆರೆಗಳು ಎಷ್ಟೇ ಆಳವಾಗಿದ್ದರೂ ಬದಲಿಸಬೇಕು.

ಕಾನೂನಿನ ಪ್ರಕಾರ ಕಾರಿನ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗುವಂತಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲು ಆರ್‌ಟಿಒ ಕಚೇರಿಗೆ ಒಯ್ದಾಗ ಟೈರಿನ ಸ್ಥಿತಿಯೂ ಪರಿಶೀಲನೆಗೆ ಒಳಪಡುತ್ತದೆ. 50 ವರ್ಷ ಮೀರಿದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮಗಳಿದ್ದು, ವಾಹನ ಮೂಲರೂಪದಲ್ಲೇ ಇರಬೇಕೆಂಬುದು ಅದರ ಷರತ್ತು.

ಟೈರು ಹಾಕಿಸಿದ ಮೇಲೆ ಗಾಳಿಯನ್ನು ಬೆಳಗಿನ ತಂಪಿನಲ್ಲಿ, ಕಾರು ಓಡುವ ಮೊದಲೇ ತುಂಬಿಸಬೇಕು; ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ಕಾಣಿಸುವುದರಿಂದ ಆಗ ಗಾಳಿ ಇಳಿಸಿದರೆ ತಣ್ಣಗಾದಾಗ ಕಡಿಮೆ ಬೀಳುತ್ತದೆ. ಕೊನೆಗೆ ಹಲವರು ಮರೆಯುವುದು ಸ್ಟೆಪ್ನಿಯನ್ನು. ನಾಲ್ಕು ಹೊಸ ರೇಡಿಯಲ್ ಹಾಕಿಸಿ, ಡಿಕ್ಕಿಯಲ್ಲಿ ಹಳೆಯ ನೈಲಾನ್ ಟೈರನ್ನೇ ಉಳಿಸಿಕೊಂಡರೆ, ಪಂಕ್ಚರಾದ ದಿನ ಅದೇ ಬೆರಕೆ ಜೋಡಿಯಲ್ಲಿ ಊರಿಗೆ ಮರಳಬೇಕಾಗುತ್ತದೆ. ಹೀಗಾಗಿ ಲೆಕ್ಕ ಹಾಕುವಾಗಲೇ ಟೈರುಗಳನ್ನು ಐದೆಂದು ಎಣಿಸಬೇಕು.